ಭಯಕ್ಕೆ ಭಕ್ತಿ ಅಂತ ಹೆಸರಿಡಬೇಡ

ಪ್ರಶ್ನೆ: ಮೇಡಂ, ನಮ್ಮದು ಹಾವೇರಿ ಜಿಲ್ಲೆಯ ಒಂದು ಊರು. ಲಿಂಗಾಯತರ ಮನೆ. ಮಗಳಿಗೆ ಈಗ 15, ಈ ಸಲ ಎಸ್‌ಎಸ್‌ಎಲ್‌ಸಿ. ಪರೀಕ್ಷೆಗಿಂತ ಮೊದಲು ಗುರುಗಳಿಂದ ಲಿಂಗದೀಕ್ಷೆ ಕೊಡಿಸೋಣ, ಒಳ್ಳೆಯದಾಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಿದ್ದಾರೆ. ಮಗಳು ಒಪ್ಪುತ್ತಿಲ್ಲ. "ದೇವರು ಇದ್ದಾನೋ ಇಲ್ಲವೋ ನನಗೇ ಗೊತ್ತಿಲ್ಲ, ಸುಮ್ನೆ ಕೂತು ಏನು ಮಾಡಲಿ" ಅಂತಾಳೆ. ಅವಳ ವಯಸ್ಸಲ್ಲಿ ನಾನು ಎಲ್ಲದಕ್ಕೂ ಹೆದರಿ ತಲೆ ಬಾಗಿಸಿದವಳು. ಹಾಗಾಗಿ ಏನು ಹೇಳಬೇಕೋ ತಿಳಿಯುತ್ತಿಲ್ಲ. ನೀವು ಎಷ್ಟೋ ವರ್ಷ ವಚನ ಪಾಠ ಮಾಡಿದವರು. ನಿಮ್ಮದೇ 15ರ ಹುಡುಗಿ ಈಗ ಎದುರು ಬಂದು ಕೂತರೆ ದೇವರು, ಧರ್ಮದ ಬಗ್ಗೆ ಅವಳಿಗೆ ಏನು ಹೇಳುತ್ತೀರಿ? ಅದನ್ನೇ ಮಗಳಿಗೆ ಓದಿಸುತ್ತೇನೆ.

ಉತ್ತರ: ಒಳ್ಳೆಯ ಉಪಾಯ ಮಾಡಿದ್ದೀರಿ. "ನನ್ನ ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ" ಅಂದಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ವಯಸ್ಸಿನವರಿಗೆ ಬುದ್ಧಿ ಹೇಳುವವರು ಮನೆಯಲ್ಲಿ, ಶಾಲೆಯಲ್ಲಿ, ಈಗ ಮೊಬೈಲಲ್ಲಿ ಕೂಡ ಬೇಕಾದಷ್ಟು ಜನ ಇದ್ದಾರೆ. ನನ್ನದೇ 15ರ ಹುಡುಗಿಗಾದರೆ ಹೇಳಬಹುದು. ಅವಳು ತಿರುಗಿ ಮಾತಾಡಿದರೂ ಅಡ್ಡಿಯಿಲ್ಲ. ಆದರೆ ಒಂದು ಮಾತು. ಇದನ್ನು ಮಗಳಿಗೆ ಓದಿಸಬೇಡಿ, ಅವಳ ಕೈಗೆ ಸಿಗುವ ಕಡೆ ಇಟ್ಟುಬಿಡಿ. ಓದಿಸಿದರೆ ಇದೂ ಒಂದು ಪಾಠ ಆಗಿಬಿಡುತ್ತದೆ.

ಮೊದಲು ಆ ಹುಡುಗಿ ಹೇಗಿದ್ದಳು ಅಂತ ಹೇಳುತ್ತೇನೆ. 1980ರ ದಶಕದ ಧಾರವಾಡ ಸೀಮೆ. ಕನ್ನಡ ಶಾಲೆ. ಕೊರಳಲ್ಲಿ ಶಿವದಾರ, ಅದಕ್ಕೆ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ವಿಭೂತಿ ಹಚ್ಚಿಕೊಳ್ಳದೆ ಚಹಾ ಮುಟ್ಟುತ್ತಿರಲಿಲ್ಲ. "ಎಷ್ಟು ಭಕ್ತಿ ನೋಡ್ರಿ ಈ ಹುಡುಗಿಗೆ" ಅಂತ ಓಣಿಯವರು ಹೊಗಳುತ್ತಿದ್ದರು. ಒಳಗೆ ಇದ್ದದ್ದು ಮಾತ್ರ ಬರೀ ಹೆದರಿಕೆ. ವಿಭೂತಿ ಮರೆತ ದಿನ ಗಣಿತದ ಪರೀಕ್ಷೆ ಕೆಡುತ್ತದೆ. ಪುಸ್ತಕಕ್ಕೆ ಕಾಲು ತಾಗಿದರೆ ವಿದ್ಯೆ ಹತ್ತುವುದಿಲ್ಲ. ಚೌತಿಯ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ, ಅದಕ್ಕೆ ಅವತ್ತು ಸಂಜೆ ತಲೆ ಎತ್ತದೆ ಮನೆಗೆ ಓಟ. ಆಗ ಮನೆಗಳಿಗೆ ಒಂದು ಥರದ ಪತ್ರ ಬರುತ್ತಿತ್ತು. ಕಳಿಸಿದವರ ಹೆಸರು ಇರುವುದಿಲ್ಲ. "ದೇವರ ಮಹಿಮೆಯ ಈ ಪತ್ರವನ್ನು ಇಷ್ಟು ಜನಕ್ಕೆ ಬರೆದು ಹಾಕಿದವರಿಗೆ ಲಾಟರಿ ಹೊಡೆಯಿತು, ಹರಿದು ಎಸೆದವನ ಮನೆಯಲ್ಲಿ ಸಾವಾಯಿತು" ಅಂತ ಅದರಲ್ಲಿ ಇರುತ್ತಿತ್ತು. ನಮ್ಮ ಕ್ಲಾಸಿನ ಅರ್ಧ ಹುಡುಗಿಯರು ಓದು ಬಿಟ್ಟು ಅದನ್ನು ನಕಲು ಮಾಡುತ್ತಾ ಕೂತಿರುತ್ತಿದ್ದರು. ಈಗ ಅದೇ ಪತ್ರ ವಾಟ್ಸಾಪಿಗೆ ಬಂದು ಸೇರಿಕೊಂಡಿದೆ. ನಿಮ್ಮ ಮಗಳಿಗೂ ಬಂದಿರುತ್ತದೆ, ಕೇಳಿ ನೋಡಿ. ಅಂಚೆ ಚೀಟಿಯ ಖರ್ಚು ಉಳಿದಿದೆ, ಅಷ್ಟೇ.

ಈ ಹುಡುಗಿಗೆ ನಾನು ಮೊದಲು ಹೇಳುವುದು ಇದು. ನೋಡವ್ವಾ, ನಿನ್ನ ಭಯಕ್ಕೆ ಭಕ್ತಿ ಅಂತ ಹೆಸರಿಡಬೇಡ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಕೈ ಮುಗಿದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಬೇರೆ ಮಾಡಿ ನೋಡಲು ಒಂದು ದಾರಿ ಇದೆ. ಯಾವುದನ್ನು "ಮಾಡದಿದ್ದರೆ ಏನಾಗುತ್ತದೋ" ಅಂತ ಮಾಡುತ್ತಿದ್ದೀಯೋ ಅದನ್ನು ಒಂದು ವಾರ ಬಿಡು. ಏನೂ ಆಗುವುದಿಲ್ಲ. ವಾರ ಕಳೆದ ಮೇಲೆ "ಛೆ, ಅದು ಇರಬೇಕಿತ್ತು" ಅಂತ ಅನ್ನಿಸಿದರೆ ಮತ್ತೆ ಶುರು ಮಾಡು. ಅಲ್ಲಿಂದಾಚೆಗೆ ಅದು ನಿನ್ನದು. ಅನ್ನಿಸದೆ ಹೋದರೆ ಅದು ಎಂದೂ ನಿನ್ನದಾಗಿರಲಿಲ್ಲ, ಯಾರೋ ನಿನ್ನ ತಲೆ ಮೇಲೆ ಇಟ್ಟು ಹೋಗಿದ್ದರು.

ಇದು ನಾನು ಕಟ್ಟಿದ ಹೊಸ ಮಾತಲ್ಲ. ನೀರು ಕಂಡಲ್ಲಿ ಮುಳುಗುವವರನ್ನು, ಮರ ಕಂಡಲ್ಲಿ ಸುತ್ತುವವರನ್ನು ಬಸವಣ್ಣನವರು ಹೇಗೆ ತರಾಟೆಗೆ ತೆಗೆದುಕೊಂಡರು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರ ಕಂಡರೆ ಕೊಲ್ಲು ಅನ್ನುವ ವಚನ ಶಾಲೆಯಲ್ಲಿ ಬಾಯಿಪಾಠ. ಶನಿವಾರ ಅದನ್ನು ಒಪ್ಪಿಸಿ ಅಂಕ ತೆಗೆದುಕೊಂಡು, ಸೋಮವಾರ ಪಂಚಮಿಗೆ ಹುತ್ತಕ್ಕೆ ಹಾಲು ಹಾಕಲು ಹೊರಟವರು ನಾವು. ಹಬ್ಬ ಬೇಡ ಅನ್ನುತ್ತಿಲ್ಲ. ಜೋಕಾಲಿ, ಉಂಡಿ, ತವರಿಗೆ ಬಂದ ಅಕ್ಕತಂಗಿಯರು, ಅದೆಲ್ಲ ಬೇಕು. ಹೆದರಿಕೆಯೊಂದು ಬೇಡ.

ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಹಾಲ್ ಟಿಕೆಟ್ ದೇವರ ಮುಂದೆ ಇಡುವುದು, ಪೆನ್ನಿಗೆ ಕುಂಕುಮ ಹಚ್ಚುವುದು, ಪಾಸಾದರೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊರುವುದು, ಇದೆಲ್ಲ ಮನಸ್ಸಿಗೆ ಧೈರ್ಯ ತಂದರೆ ತಂದುಕೊಳ್ಳಲಿ. ಆದರೆ ಅದು ವ್ಯಾಪಾರ ಆದಾಗ ತೊಂದರೆ. "ನಾನು ಇಷ್ಟು ಪೂಜೆ ಮಾಡಿದೆ, ನೀನು 625ಕ್ಕೆ ಇಷ್ಟು ಕೊಡಬೇಕು" ಅಂತ ಕರಾರು ಮಾಡಿಕೊಂಡ ಮಗು, ಅಂಕ ಕಡಿಮೆ ಬಂದ ದಿನ ಎರಡು ಪೆಟ್ಟು ತಿನ್ನುತ್ತದೆ. ಒಂದು ಅಂಕಪಟ್ಟಿಯಿಂದ, ಇನ್ನೊಂದು ದೇವರಿಂದ. "ನನ್ನ ಪೂಜೆಯಲ್ಲೇ ಏನೋ ಕೊರತೆ ಇತ್ತು" ಅಂತ ತನ್ನನ್ನೇ ಬೈದುಕೊಳ್ಳುತ್ತದೆ. ಹೀಗೆ ಕುಗ್ಗಿ ಹೋದ ಮಕ್ಕಳನ್ನು ಪಾಠ ಮಾಡುವಾಗ ಬಹಳ ನೋಡಿದ್ದೇನೆ. ಅವರಲ್ಲಿ ಸೋಮಾರಿಗಳು ಕಡಿಮೆ, ದೇವರ ಮೇಲೆ ಭಾರ ಹಾಕಿ ರಾತ್ರಿಯೆಲ್ಲ ಓದಿದವರೇ ಜಾಸ್ತಿ.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಒಬ್ಬ ಶರಣ ಇದ್ದ. ರಾಯಚೂರು ಸೀಮೆಯ ಅಮರೇಶ್ವರದ ಕಡೆಯವನು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡುವುದು ಅವನ ಕಾಯಕ. ಕಾಯಕದಲ್ಲಿ ಮುಳುಗಿರುವಾಗ ಗುರುವಿನ ದರ್ಶನ ಮರೆತರೂ ಸರಿ, ಲಿಂಗಪೂಜೆ ಮರೆತರೂ ಸರಿ ಅಂತ ಹೇಳಿದವನು ಅವನೇ. ಕಾಯಕವೇ ಕೈಲಾಸ ಅನ್ನುವ ಮಾತು ಬಂದದ್ದು ಅಲ್ಲಿಂದ. ಈಗ ಅದು ಎಲ್ಲ ಸರ್ಕಾರಿ ಕಚೇರಿಯ ಗೋಡೆ ಮೇಲಿದೆ. ಅದರ ಹಿಂದಿನ ಸಾಲು ಗೋಡೆಗೆ ಬಂದಿಲ್ಲ. 15ರ ಹುಡುಗಿಯ ಕಾಯಕ ಓದು. ಪರೀಕ್ಷೆಯ ಬೆಳಿಗ್ಗೆ ಬೀಜಗಣಿತದ ಲೆಕ್ಕ ಬಿಡಿಸುತ್ತಾ ಪೂಜೆ ಮರೆತರೆ, ಮಾರಯ್ಯನ ಲೆಕ್ಕದಲ್ಲಿ ಅವಳು ಏನನ್ನೂ ಕಳೆದುಕೊಂಡಿಲ್ಲ. ಮತ್ತೆ, 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಮತ್ತೆ ಕೂರಬಹುದು, ಜಾಸ್ತಿ ಬಂದ ಅಂಕ ಉಳಿಸಿಕೊಳ್ಳಬಹುದು. ನಮ್ಮ ಕಾಲದ ಹುಡುಗಿಗೆ ಇದು ಗೊತ್ತಾದರೆ ಅಳುತ್ತಿದ್ದಳು.

ಈಗ ಮುಟ್ಟಿನ ವಿಷಯ. ನೀವು ಪತ್ರದಲ್ಲಿ ಬರೆದಿಲ್ಲ. ಆದರೆ 15ರ ಹುಡುಗಿಯ ಜೊತೆ ದೇವರ ಬಗ್ಗೆ ಮಾತಾಡುತ್ತಾ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಉಪದೇಶ. ಎಷ್ಟೋ ಹುಡುಗಿಯರಿಗೆ "ದೇವರು ನನ್ನಿಂದ ದೂರ" ಅನ್ನುವ ಭಾವನೆ ಮೊದಲು ಬರುವುದೇ ಇಲ್ಲಿಂದ. ನಿನ್ನೆಯವರೆಗೆ ದೇವರಮನೆಯಲ್ಲಿ ದೀಪ ಹಚ್ಚುತ್ತಿದ್ದ ಮಗು ಇವತ್ತು ಪಡಸಾಲೆಯ ಮೂಲೆಯಲ್ಲಿ ಬೇರೆ ಚಾಪೆ ಮೇಲೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. "ಮುಟ್ಟಬೇಡ" ಅಂತಾರೆ, ಅಷ್ಟೇ. ಹುಡುಗಿ ತನಗೆ ತಾನೇ ಅರ್ಥ ಮಾಡಿಕೊಳ್ಳುತ್ತಾಳೆ: ನನ್ನಲ್ಲಿ ಏನೋ ಹೊಲಸಿದೆ, ದೇವರಿಗೆ ಆಗಿಬರುವುದಿಲ್ಲ.

ಆ ಹುಡುಗಿಯನ್ನು ಕೂರಿಸಿಕೊಂಡು ನಾನು ಹೇಳುವುದು ಇಷ್ಟು. ತಂಗೀ, ಬೇರೆ ಮನೆತನಗಳ ಸಂಪ್ರದಾಯ ಏನಾದರೂ ಇರಲಿ, ನೀನು ಕೊರಳಲ್ಲಿ ಕಟ್ಟಿಕೊಂಡಿರುವ ಈ ಲಿಂಗದ ಧರ್ಮದಲ್ಲಿ ಮುಟ್ಟಿಗೆ ಮೈಲಿಗೆ ಅನ್ನುವುದೇ ಇಲ್ಲ. ಐದು ಸೂತಕಗಳನ್ನು ಶರಣರು ತಳ್ಳಿಹಾಕಿದ್ದಾರೆ: ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಇಷ್ಟಲಿಂಗವನ್ನು ಯಾವ ದಿನವೂ ಮೈಮೇಲಿಂದ ತೆಗೆಯುವಂತಿಲ್ಲ ಅಂತ ನಿಯಮ. ತೆಗೆಯುವಂತಿಲ್ಲ ಅಂದಮೇಲೆ ಆ ದಿನಗಳಲ್ಲೂ ಅದು ನಿನ್ನ ಎದೆ ಮೇಲೆ ಇರುತ್ತದೆ ಅಲ್ವಾ? ಎದೆ ಮೇಲಿರುವ ದೇವರಿಗೆ ಇಲ್ಲದ ಮೈಲಿಗೆ ಗೋಡೆ ಮೇಲಿನ ಫೋಟೋಕ್ಕೆ ಎಲ್ಲಿಂದ ಬಂತು? ಇದನ್ನು ಅಜ್ಜಿಗೆ ಕೇಳು. ಜಗಳಕ್ಕೆ ಅಲ್ಲ, ಸುಮ್ನೆ ಕೇಳು.

ಬಸವಣ್ಣನವರ ಇನ್ನೊಂದು ವಚನವಿದೆ, "ಹೊಲೆಗಂಡಲ್ಲದೆ ಪಿಂಡದ ನೆಲೆಗಾಶ್ರಯವಿಲ್ಲ" ಅಂತ ಶುರುವಾಗುತ್ತದೆ. ಮುಟ್ಟು ಇಲ್ಲದೆ ಗರ್ಭ ನಿಲ್ಲುವುದಿಲ್ಲ, ಎಲ್ಲರೂ ಅಲ್ಲಿಂದಲೇ ಬಂದವರು, ಕಿವಿಯಿಂದ ಹುಟ್ಟಿದವರು ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಕಾಸಿದವನು ಕಮ್ಮಾರ, ಬೀಸಿದವನು ಮಡಿವಾಳ, ವೇದ ಓದಿದವನು ಹಾರುವ, ಅದಕ್ಕಿಂತ ಹೆಚ್ಚೇನಿಲ್ಲ ಅಂತ ಅದೇ ಉಸಿರಿನಲ್ಲಿ ಹೇಳುತ್ತಾರೆ. ಜಾತಿಯ ಮೇಲು ಕೀಳು ಮತ್ತು ಮುಟ್ಟಿನ ಮೈಲಿಗೆ, ಎರಡನ್ನೂ ಒಂದೇ ವಚನದಲ್ಲಿ ಕಿತ್ತು ಹಾಕಿದ್ದಾರೆ. ಪರೀಕ್ಷೆಗೆ ಈ ವಚನ ಬಂದಾಗ ನಾವು ಜಾತಿಯ ಬಗ್ಗೆ ಐದು ಅಂಕಕ್ಕೆ ಬರೆಸುತ್ತೇವೆ. ಮೊದಲ ಸಾಲಿನ ಅರ್ಥ ಹೇಳಲು ಎಷ್ಟೋ ಮೇಷ್ಟ್ರುಗಳು ನಾಚಿಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ.

ಇದು ಬರೀ ಲಿಂಗಾಯತರ ಮನೆಯ ಮಾತಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗಿನ ಗುಡಿಸಲಿಗೆ ಕಳಿಸುವ ಪದ್ಧತಿಯ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಹೀಗೆ ಹೊರಗಿಡುವುದನ್ನು 2017ರ ಕರ್ನಾಟಕದ ಅಮಾನವೀಯ ಪದ್ಧತಿ ತಡೆ ಕಾಯ್ದೆ ನಿಷೇಧಿಸಿದೆ. ಆದರೆ ಮನೆಯ ಮೂಲೆಯ ಚಾಪೆಗೆ ಪೊಲೀಸರು ಬರುವುದಿಲ್ಲ. ಅದನ್ನು ಎತ್ತಬೇಕಾದವರು ಮನೆಯ ಹೆಂಗಸರೇ. ನಿಮ್ಮ ಮನೆಯಲ್ಲಿ ಆ ಚಾಪೆ ಇನ್ನೂ ಇದ್ದರೆ, ಮಗಳ ದೀಕ್ಷೆಯ ಮಾತಿಗಿಂತ ಮೊದಲು ಅದರ ಮಾತಾಗಲಿ.

ನಿಮ್ಮ ಮಗಳ ಪ್ರಶ್ನೆಗೆ ಬರುತ್ತೇನೆ. ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ ಅಂದಳು. ನಿಮಗೆ ಗಾಬರಿಯಾಯಿತು. ನನಗೆ ಖುಷಿಯಾಯಿತು.

ಯಾಕೆಂದರೆ ಈ ಧರ್ಮ ಶುರುವಾದದ್ದೇ ಒಬ್ಬ ಹುಡುಗ "ಒಲ್ಲೆ" ಅಂದದ್ದರಿಂದ. ಬಾಗೇವಾಡಿಯ ಹುಡುಗ ಬಸವ ಜನಿವಾರ ಬೇಡ ಅಂದ, ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದ. ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಆಗ ಅವನ ವಯಸ್ಸೆಷ್ಟು ಅನ್ನುವುದರಲ್ಲೂ ಪುರಾಣಗಳು ಒಂದಾಗುವುದಿಲ್ಲ. "ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ನನಗೆ ಮಾತ್ರ ಯಾಕೆ" ಅಂತ ಕೇಳಿದ ಅನ್ನುವುದು ಜನರ ಬಾಯಲ್ಲಿ ಉಳಿದಿರುವ ಕಥೆ. ಮನೆಯವರು ಗೊತ್ತು ಮಾಡಿದ ಸಂಸ್ಕಾರವನ್ನು ಅರ್ಥ ಕೇಳಿ ನಿರಾಕರಿಸಿದ ಹುಡುಗನ ಹೆಸರಿನಲ್ಲಿ, ಇವತ್ತು ಇನ್ನೊಂದು ಮಗುವನ್ನು ಅರ್ಥ ಕೇಳಬೇಡ, ಸುಮ್ಮನೆ ಕೂರು ಅಂತ ಹೇಳುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೆ ಈ ವಿಷಯದಲ್ಲಿ ಬಸವಣ್ಣನವರ ಪಕ್ಕದಲ್ಲಿ ನಿಂತಿರುವುದು ಮೊಮ್ಮಗಳು.

ಅನುಭವ ಮಂಟಪದ ಕಥೆಯೂ ಅಷ್ಟೇ. ಉಡುತಡಿಯಿಂದ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅವಳಿಗೆ ಆರತಿ ಎತ್ತಿ ಒಳಗೆ ಕರೆಯಲಿಲ್ಲ. ಅಲ್ಲಮಪ್ರಭು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆಗಳ ಮಳೆ ಸುರಿಸಿದರು. ನಿನ್ನ ಗಂಡ ಯಾರು, ಎಲ್ಲ ಬಿಟ್ಟೆ ಅನ್ನುವವಳು ಮೈಯನ್ನು ಕೂದಲಿನಿಂದ ಯಾಕೆ ಮುಚ್ಚಿಕೊಂಡಿದ್ದೀಯ ಅಂತೆಲ್ಲ. ಅವಳು ಒಂದೊಂದಕ್ಕೂ ತನ್ನದೇ ಉತ್ತರ ಕೊಟ್ಟಳು. 15ನೇ ಶತಮಾನದ ಶೂನ್ಯಸಂಪಾದನೆಯಲ್ಲಿ ಈ ಮಾತುಕತೆ ಇದೆ. ಅದು ಇಡೀ ಕಟ್ಟಿಕೊಂಡಿರುವುದೇ ಇಂಥ ಪ್ರಶ್ನೆ ಉತ್ತರಗಳಿಂದ. ಒಬ್ಬರು ಹೇಳಿ ಉಳಿದವರು ಕೈಮುಗಿದು ಕೇಳುವ ಪುಸ್ತಕ ಅದಲ್ಲ.

ಇಲ್ಲಿ ಒಂದು ಅಡ್ಡಮಾತು. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಹೆದರಿದರೆ ಹೇಗೆ ಅನ್ನುವ ಅಕ್ಕನ ವಚನ ಇದೆಯಲ್ಲ, ಸ್ತುತಿ ನಿಂದೆ ಬಂದರೆ ಕೋಪ ಮಾಡಿಕೊಳ್ಳದೆ ಸಮಾಧಾನಿಯಾಗಿರಬೇಕು ಅಂತ ಮುಗಿಯುವುದು. ಮದುವೆಯ ಹೊತ್ತಲ್ಲಿ, ಬೀಳ್ಕೊಡುಗೆ ಸಮಾರಂಭದಲ್ಲಿ ಹುಡುಗಿಯರಿಗೆ ತಪ್ಪದೆ ಇದನ್ನೇ ಹೇಳುತ್ತಾರೆ. ಯಾರು ಏನೇ ಅಂದರೂ ನುಂಗಿಕೊಂಡಿರು ಅಂತ ಅದರ ಅರ್ಥ ಎಂಬಂತೆ. ಆದರೆ ಅದನ್ನು ಹೇಳಿದವಳು ಯಾರು? ಕೌಶಿಕ ರಾಜನ ಅರಮನೆಯನ್ನೇ ಬಿಟ್ಟು ಹೊರಟವಳು. ನುಂಗಿಕೊಂಡು ಕೂತವಳಲ್ಲ. ಅವಳ ಸಮಾಧಾನ, ತನ್ನ ದಾರಿ ತಾನು ಹಿಡಿದ ಮೇಲೆ ಜನರ ಮಾತಿಗೆ ಕಲಕದಿರುವ ಸಮಾಧಾನ. ನನ್ನ 15ರ ಹುಡುಗಿಗೆ ಈ ವ್ಯತ್ಯಾಸ ಹೇಳಲು ಆಗ ಯಾರೂ ಇರಲಿಲ್ಲ. ನಿಮ್ಮ ಮಗಳಿಗೆ ನೀವಿದ್ದೀರಿ.

ಹಾಗಾದರೆ ದೇವರು ಇದ್ದಾನಾ? ಆ ಹುಡುಗಿ ಕೇಳಿಯೇ ಕೇಳುತ್ತಾಳೆ. ನಾನು ನಂಬುವವಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ 15ರಲ್ಲಿ ಇದಕ್ಕೆ ಹೌದು ಅಲ್ಲ ಅಂತ ತೀರ್ಪು ಕೊಡಲೇಬೇಕು ಅಂತ ಯಾರು ಹೇಳಿದರು? ಬೆಳಿಗ್ಗೆ ಹತ್ತು ನಿಮಿಷ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು, ಅದರ ಕಪ್ಪು ಮೆರುಗಿನಲ್ಲಿ ಕಾಣುವ ಬೆಳಕಿನ ಚುಕ್ಕೆಯನ್ನು ನೋಡುತ್ತಾ ಕೂರು ಅಂತ ಹೇಳುತ್ತೇನೆ. ಏನನ್ನೂ ಕೇಳಬೇಡ, ಏನನ್ನೂ ನಂಬಲು ಕಷ್ಟಪಡಬೇಡ. ಮನಸ್ಸು ಎಲ್ಲೆಲ್ಲಿ ಓಡುತ್ತದೆ ಅಂತ ಸುಮ್ನೆ ನೋಡು. ಇದಕ್ಕೆ ಗುಡಿ ಬೇಡ, ಪೂಜಾರಿ ಬೇಡ, ಖರ್ಚಿಲ್ಲ. ಇಷ್ಟಲಿಂಗದ ಅನುಕೂಲವೇ ಅದು. ಗುಡಿಯೊಳಗೆ ಬಿಡದ ಜನಕ್ಕೆ ಅಂಗೈಯಲ್ಲೇ ದೇವರನ್ನು ಕೊಟ್ಟದ್ದು. ಒಲ್ಲೆ ಅನ್ನಿಸಿದರೆ ಅದನ್ನೂ ಬಿಡು. ಅಂಗಳದಲ್ಲಿ ಒಬ್ಬಳೇ ಐದು ನಿಮಿಷ ಕೂರು. ನಂಬಿಕೆ ಬರುವುದಾದರೆ ಬರುತ್ತದೆ. ಬರದಿದ್ದರೂ ನೀನು ಕೆಟ್ಟ ಹುಡುಗಿ ಆಗುವುದಿಲ್ಲ. ಕಳಬೇಡ, ಕೊಲಬೇಡ, ಹುಸಿಯ ನುಡಿಯಬೇಡ ಅನ್ನುವ ವಚನವನ್ನು ಇನ್ನೊಂದು ಸಲ ಓದಿ ನೋಡು. ದೇವರನ್ನು ನಂಬು ಅಂತ ಅದರಲ್ಲಿ ಎಲ್ಲೂ ಇಲ್ಲ. ಇರುವುದೆಲ್ಲ ಜನರ ಜೊತೆ ಹೇಗಿರಬೇಕು ಅಂತ. ಕೂಡಲಸಂಗಮದೇವರನ್ನು ಒಲಿಸುವ ಪರಿ ಅದೇ ಅಂತ ಬಸವಣ್ಣನವರು ಹೇಳಿಬಿಟ್ಟಿದ್ದಾರೆ.

ಆ ವಯಸ್ಸಿನ ಮಕ್ಕಳಿಗೆ ದೇವರ ಮೇಲೆ ಅನುಮಾನ ಬರುವುದು ಬಹಳ ಸಲ ದೇವರಿಂದ ಅಲ್ಲ, ದೊಡ್ಡವರಿಂದ. ಬಸವ ಜಯಂತಿಗೆ "ಇವನಾರವ" ಅಂತ ಹಾಡಿದ ಮನೆಯಲ್ಲೇ ಕೆಲಸದವಳಿಗೆ ಬೇರೆ ಲೋಟ. 15ರ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ. ದೊಡ್ಡವರಾದ ನಮಗೆ ರೂಢಿಯಾಗಿರುತ್ತದೆ, ಕಾಣುವುದಿಲ್ಲ. ಆ ಹುಡುಗಿಗೆ ಹೇಳುವೆ: ಹೇಳಿದವರು ನಡೆಯಲಿಲ್ಲ ಅಂತ ಮಾತನ್ನು ಎಸೆಯಬೇಡ. ಆ ಮಾತಿಗೆ ತಲೆ ಕೊಟ್ಟವರೂ ಇದ್ದಾರೆ. ಚಮ್ಮಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಇಬ್ಬರು ತಂದೆಯರನ್ನೂ ಬಿಜ್ಜಳನ ರಾಜ್ಯದಲ್ಲಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅನ್ನುತ್ತದೆ ಪರಂಪರೆ. ಆ ಲೋಟದ ವಿಷಯ ಅವ್ವನಿಗೆ ಕೇಳು. ಉತ್ತರ ಸಿಗದಿದ್ದರೆ ಆ ಲೋಟವನ್ನು ನೀನೇ ತೊಳೆದು ಉಳಿದ ಲೋಟಗಳ ಜೊತೆ ಜೋಡಿಸಿಡು. ಭಾಷಣಕ್ಕಿಂತ ಅದು ಬೇಗ ಮುಟ್ಟುತ್ತದೆ.

ಭಕ್ತಿಯನ್ನು ಕೈಯಿಂದ ಮಾಡುವ ಕೆಲಸಗಳಿವೆ, ಅವನ್ನು ಹುಡುಕಿಕೋ ಅಂತಲೂ ಹೇಳುವೆ. ತುಮಕೂರಿನ ಸಿದ್ಧಗಂಗೆಗೆ ಒಂದು ಸಲ ಹೋಗಿ ಊಟದ ಹೊತ್ತಿಗೆ ನಿಂತು ನೋಡಬೇಕು. ಯಾವ ಜಾತಿ ಅಂತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಜನಸಾಗರದಲ್ಲಿ ಅಲ್ಲಿ ಉಂಡು ಬೆಳೆದ ಹಳೆಯ ಮಕ್ಕಳೇ ಎಷ್ಟೋ ಜನ ಇದ್ದರು. ನಂಬಿಕೆ ಇಲ್ಲದವನೂ ಆ ಸಾಲಿನಲ್ಲಿ ನಿಂತು ಬಡಿಸಬಹುದು, ಯಾರೂ ತಡೆಯುವುದಿಲ್ಲ.

ಇನ್ನು ಎರಡು ಮಾತು ಖಡಾಖಂಡಿತ ಹೇಳಬೇಕು. ಇವನ್ನು ನಯ ಮಾಡಿ ಹೇಳುವ ಅಗತ್ಯವಿಲ್ಲ.

ಒಂದು: ಸ್ವಾಮಿ, ಗುರು, ಜ್ಯೋತಿಷಿ, ದೇವರು ಮೈಮೇಲೆ ಬರುವವನು, ಯಾರೇ ಇರಲಿ, "ಒಬ್ಬಳೇ ಬಾ", "ಇದನ್ನು ಮನೆಯಲ್ಲಿ ಹೇಳಬೇಡ" ಅಂದರೆ ಅಲ್ಲಿಂದ ಎದ್ದು ಬಾ. ಮೈ ಮುಟ್ಟಿದರೆ ಕೂಗು. ಗುರುವಿಗೆ ಎದುರಾಡಿದರೆ ಶಾಪ ತಟ್ಟುತ್ತದೆ ಅನ್ನುವ ಮಾತಿನ ಮರೆಯಲ್ಲಿ ಎಷ್ಟೋ ಅನ್ಯಾಯ ನಡೆದಿದೆ. 18 ವರ್ಷದೊಳಗಿನವರನ್ನು ಕಾಪಾಡಲು 2012ರ ಪೋಕ್ಸೋ ಕಾಯ್ದೆ ಇದೆ, ಅದರಲ್ಲಿ ಕಾವಿಗೆ ರಿಯಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098. ಮಗಳು ಹೀಗೆ ಬಂದು ಹೇಳಿದ ದಿನ, ತಾಯಿ ಮೊದಲು ಅವಳ ಮಾತನ್ನು ನಂಬಬೇಕು. "ಅಂಥವರ ಬಗ್ಗೆ ಹಾಗೆಲ್ಲ ಹೇಳಬಾರದು" ಅಂತ ಬಾಯಿ ಮುಚ್ಚಿಸಿದರೆ ಅವಳು ಇನ್ನೊಂದು ಸಲ ಹೇಳುವುದಿಲ್ಲ.

ಎರಡು: ಮನಸ್ಸು ತೀರಾ ಕುಗ್ಗಿದಾಗ, ಬದುಕೇ ಬೇಡ ಅನ್ನಿಸಿದಾಗ, ಬರೀ ಪ್ರಾರ್ಥನೆ ಮಾಡುತ್ತಾ ಕೂರಬೇಡ. ಅದು ಭಕ್ತಿಯ ಕೊರತೆ ಅಲ್ಲ, ಗ್ರಹಚಾರವೂ ಅಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇವೆ, ಇದಕ್ಕೂ ಹೋಗಬೇಕು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫಲಿತಾಂಶ ಬರುವ ವಾರ ಈ ನಂಬರನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ.

ಕೊನೆಗೆ ನಿಮ್ಮ ಮನೆಯ ಮಾತು. ದೀಕ್ಷೆ ಈಗ ಬೇಕಾ? ಹುಟ್ಟಿದ ಮಗುವಿಗೆ ಲಿಂಗ ಕಟ್ಟುವ ರೂಢಿ ಇದೆ, ಅದರಲ್ಲಿ ಮಗುವಿನ ಒಪ್ಪಿಗೆಯ ಪ್ರಶ್ನೆ ಬರುವುದಿಲ್ಲ. ಆದರೆ ತಿಳಿವಳಿಕೆ ಬಂದ ಮೇಲೆ ಕೊಡುವ ದೀಕ್ಷೆ ಬೇರೆ. ಗುರು ಅಂಗೈಗೆ ಲಿಂಗ ಕೊಟ್ಟು ಕಿವಿಯಲ್ಲಿ ಮಂತ್ರ ಹೇಳುವಾಗ ಆ ಕಡೆ ಒಬ್ಬರು ತೆಗೆದುಕೊಳ್ಳುವವರು ಇರಬೇಕು. ಮನಸ್ಸಿಲ್ಲದೆ ಕೂತ ಹುಡುಗಿ ಫೋಟೋದಲ್ಲಿ ಚೆನ್ನಾಗಿ ಬರಬಹುದು, ಅಷ್ಟೇ. ಅದೂ ಪರೀಕ್ಷೆ ಚೆನ್ನಾಗಿ ಆಗಲಿ ಅಂತ ಮಾಡಿಸಿದರೆ, ಮೇಲೆ ಹೇಳಿದ ವ್ಯಾಪಾರಕ್ಕೆ ಮನೆಯವರೇ ಮುಹೂರ್ತ ಇಟ್ಟ ಹಾಗೆ.

ಅತ್ತೆಯವರಿಗೆ "ಬೇಡ" ಅನ್ನಬೇಡಿ, "ಬೇಸಿಗೆ ರಜೆಗೆ ನೋಡೋಣ, ಅವಳನ್ನೇ ಕೇಳೋಣ" ಅನ್ನಿ. ಅಷ್ಟರೊಳಗೆ ಅವರಿಗೆ ಒಂದು ಕೆಲಸ ಕೊಡಿ. ಆ ತಲೆಮಾರಿನವರಿಗೆ ಭಜನೆಯಲ್ಲಿ ಹಾಡಿ ಹಾಡಿ ಎಷ್ಟೋ ವಚನ ಬಾಯಿಗೆ ಬಂದಿರುತ್ತವೆ. ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಮೊಮ್ಮಗಳಿಗೆ ಹೇಳಿಕೊಡಲಿ. ಅವಳು ಅರ್ಥ ಕೇಳುತ್ತಾಳೆ. ಅಜ್ಜಿಗೆ ಗೊತ್ತಿದ್ದರೆ ಹೇಳುತ್ತಾರೆ, ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಲಿ. ರಜೆಯಲ್ಲಿ ಮಗಳು ಹೂಂ ಅಂದರೆ, ದೀಕ್ಷೆ ಕೊಡುವ ಗುರುಗಳ ಹತ್ತಿರ ಮೊದಲೇ ಒಮ್ಮೆ ಕರೆದುಕೊಂಡು ಹೋಗಿ, ಅವಳ ಪ್ರಶ್ನೆಗಳನ್ನು ಅವಳೇ ಕೇಳಲಿ. ಪ್ರಶ್ನೆ ಕೇಳಿದ್ದಕ್ಕೆ ಅವರು ಮುಖ ಗಂಟು ಹಾಕಿಕೊಂಡರೆ ಬೇರೆ ಗುರುಗಳನ್ನು ನೋಡಿ. ಅವಳು ಉಹೂಂ ಅಂದರೆ ಮುಂದಿನ ವರ್ಷ ಇದೆ, ಅದರ ಮುಂದಿನದೂ ಇದೆ.

ಪರೀಕ್ಷೆ ಮುಗಿಯುವವರೆಗೆ ಮಾತ್ರ ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಬೇಡಿ. ಇದನ್ನು ಓದಿದ ಹುಮ್ಮಸ್ಸಿನಲ್ಲಿ ನೀವೂ ಎತ್ತಬೇಡಿ.